ಸದಾಶಿವ ಸರ್ ಬಿಡಿಸಿದ ಸುಳಿ

ಈ ಸಲದ ಮಳೆಗೆ ನಮ್ಮೂರು ಕೆಮ್ಮಣ್ಣಿನಲ್ಲಿ ಹೊಳೆ ಉಕ್ಕಿ ನಮ್ಮ ಬಾವಿಗೂ ಕೆಂಪು ನೀರು ನುಗ್ಗಿತು. ನೆರೆ ಇಳಿದ ಮೇಲೆ ಆಶಾ ಕಾರ್ಯಕರ್ತೆ ಬಂದು ಒಂದು ಪೊಟ್ಟಣ ಪರ್ಮಾಂಗನೇಟ್ ಕೊಟ್ಟು, ಬಕೆಟಿನಲ್ಲಿ ಕದಡಿ ಬಾವಿಗೆ ಹೊಯ್ಯಲು ಹೇಳಿ ಹೋದರು. ಕಟ್ಟೆಗೆ ಒರಗಿ ಹೊಯ್ದೆ. ನೇರಳೆ ಬಣ್ಣ ನೀರಿನೊಳಗೆ ನೂಲಿನ ಹಾಗೆ ಇಳಿಯಿತು, ನೂಲು ಬಿಚ್ಚಿ ಹೊಗೆಯಾಯಿತು, ನೋಡನೋಡುತ್ತಾ ಇಡೀ ಬಾವಿ ತೆಳು ಗುಲಾಬಿಯಾಯಿತು. ಮೂಗಿಗಿಂತ ನಾಲಗೆಗೇ ಹೆಚ್ಚು ತಟ್ಟುವ ಆ ಕಬ್ಬಿಣದಂಥ ವಾಸನೆ ಮೇಲೆ ಬಂತು. ಒಳಗಿನಿಂದ ನನ್ನ ಗಂಡ, ಎಷ್ಟು ಹೊತ್ತು ಬಾವಿ ನೋಡುತ್ತೀ ಎಂದು ಕೇಳಿದರು. ನೀರಿನಲ್ಲಿ ಆ ಬಣ್ಣ ಹರಡುವುದನ್ನು ಕಂಡರೆ ನನಗೆ ಈಗಲೂ ಮುಖ ಬಿಸಿಯಾಗುತ್ತದೆ. ಅದಕ್ಕೆ ಕಾರಣ ಪ್ರಯೋಗಾಲಯದಲ್ಲಿ ಕಳೆದ ಒಂದು ಮಳೆಗಾಲ.

ನಾನು ಕಾರ್ಕಳದ ಬದಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನೀರಿನ ಹರಿವಿನ ಪಾಠ ಮಾಡುತ್ತಿದ್ದೆ. ಈ ವಿದ್ಯೆ ನನಗೆ ಬಂದದ್ದು ಸದಾಶಿವ ಸರ್ ಕೈಯಿಂದ. ನಾನು ಸಂಶೋಧನೆ ಮಾಡುವಾಗ ಅವರು ನನ್ನ ಗೈಡ್. ಅವರ ಪ್ರಯೋಗಾಲಯದಲ್ಲಿ ಗಾಜಿನ ಗೋಡೆಯ ಉದ್ದದ ಕಾಲುವೆ ಇತ್ತು, ಪಂಪು ಹಾಕಿದರೆ ಅದರೊಳಗೆ ನೀರು ಹದವಾಗಿ ಹರಿಯುತ್ತಿತ್ತು. ಕಡಲಕೊರೆತ ತಡೆಯಲು ತೀರದಿಂದ ನೀರಿಗೆ ಅಡ್ಡ ಚಾಚಿ ಕಲ್ಲಿನ ಒಡ್ಡು ಹಾಕುತ್ತಾರಲ್ಲ, ಅಂಥ ಎರಡು ಒಡ್ಡುಗಳನ್ನು ಸಿಮೆಂಟಿನಲ್ಲಿ ಎರಕ ಹೊಯ್ದು ಕಾಲುವೆಯಲ್ಲಿ ಇಟ್ಟಿದ್ದೆವು. ಅವುಗಳ ನಡುವೆ ನೀರು ಏನು ಮಾಡುತ್ತದೆ ಎಂಬುದೇ ನನ್ನ ವಿಷಯ. ಒಡ್ಡಿನ ತುದಿಯಲ್ಲಿ ನಾನು ಪಿಪೆಟ್ಟಿನಿಂದ ಪರ್ಮಾಂಗನೇಟಿನ ನೀರು ಬಿಡಬೇಕು. ಸರ್ ಸ್ಟೂಲಿನ ಮೇಲೆ ಕೂತು, ಎಡಗೈಯನ್ನು ಗಾಜಿಗೆ ಆನಿಸಿ, ಬಣ್ಣ ಹೋದ ದಾರಿಯನ್ನು ಪೆನ್ಸಿಲಿನಲ್ಲಿ ಬಿಡಿಸಬೇಕು. ಆಮೇಲೆ ನಾನು ಬೆರಳ ತುದಿಯಷ್ಟು ದೊಡ್ಡ ಫ್ಯಾನಿನಂಥ ಮೀಟರನ್ನು ನೀರಿಗೆ ಇಳಿಸಿ, ಒಂದು ಜಾಗದಲ್ಲಿ ವೇಗ ಅಳೆದು, ಮುಳ್ಳು ಸ್ಥಿರವಾಗುವವರೆಗೆ ಕಾದು, ಪಕ್ಕದ ಜಾಗಕ್ಕೆ ಸರಿಸಬೇಕು. ಒಂದು ಚಿತ್ರ ಪೂರ್ತಿಯಾಗಲು ವಾರಗಳೇ ಬೇಕಾಗುತ್ತಿದ್ದವು. ಅಂಗೈಗೆ ಕಂದು ಕಲೆ ಹಿಡಿದು, ಚರ್ಚಿನಲ್ಲಿ ಪ್ರಸಾದಕ್ಕೆ ಕೈ ನೀಡುವಾಗ ಫಾದರ್ ಒಮ್ಮೆ ಇದೆಂತ ಎಂದು ಕೇಳಿದ್ದರು.

ಆ ಕೆಲಸದಿಂದ ಹೊರಬಂದದ್ದು ಒಂದೇ ಒಂದು ಸುಂದರವಾದ ಚಿತ್ರ. ಎರಡು ಒಡ್ಡುಗಳ ನಡುವೆ ಒಂದು ದೊಡ್ಡ ಸುಳಿ, ನಿಧಾನವಾಗಿ, ಮಗುವಿನ ತೊಟ್ಟಿಲಿನ ಹಾಗೆ ತಿರುಗುತ್ತಾ ಇರುತ್ತದೆ; ಹೊರಗಿನ ನೀರು ರಭಸದಿಂದ ಹೋದರೂ ಒಳಗೆ ಶಾಂತ; ಮರಳು ಅಲ್ಲಿ ಬಂದು ಕೂತೇ ಕೂರುತ್ತದೆ. ನಮ್ಮ ಪುಟ್ಟ ವಲಯದಲ್ಲಿ ಅದಕ್ಕೆ ಸದಾಶಿವರ ಸುಳಿ ಎಂದೇ ಹೆಸರು ಬಿತ್ತು. ಸರ್ ನಿವೃತ್ತರಾಗಿ ಪರ್ಕಳದ ಮನೆಯಲ್ಲಿ ಕೂತ ಮೇಲೂ ನಾನು ಪ್ರತಿವರ್ಷ ಬೋರ್ಡಿನ ಮೇಲೆ ಆ ಸುಳಿ ಬಿಡಿಸುತ್ತಿದ್ದೆ. ಕಣ್ಣು ಮುಚ್ಚಿ ಬಿಡಿಸಬಲ್ಲೆ ಎಂಬ ಹೆಮ್ಮೆ ಬೇರೆ.

ನಾನು ಹೇಳಿದ ಆ ಮಳೆಗಾಲದ ವರ್ಷ ನಮ್ಮ ಕಾಲೇಜಿಗೆ ಹೊಸ ಉಪಕರಣ ಬಂತು. ಅದರ ಕ್ರಮವೇ ಬೇರೆ. ನೀರಿಗೆ ಬೆಳ್ಳಿಯ ಲೇಪವಿರುವ ಗಾಜಿನ ಪುಡಿ ಬೆರೆಸುತ್ತಾರೆ, ಒಂದೊಂದು ಕಣವೂ ರಂಗೋಲಿ ಹುಡಿಗಿಂತ ಸಣ್ಣದು. ಲೇಸರ್ ಬೆಳಕನ್ನು ಹಾಳೆಯ ಹಾಗೆ ತೆಳುವಾಗಿ ನೀರಿನೊಳಗೆ ಹಾಯಿಸುತ್ತಾರೆ. ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಕ್ಯಾಮೆರಾ ಫೋಟೋದ ಮೇಲೆ ಫೋಟೋ ತೆಗೆಯುತ್ತದೆ. ಯಾವ ಕಣಗಳು ಎಲ್ಲಿಂದ ಎಲ್ಲಿಗೆ ಹೋದವು ಎಂದು ಕಂಪ್ಯೂಟರ್ ಲೆಕ್ಕ ಹಾಕಿ, ಇಡೀ ಕಾಲುವೆಯ ಎಲ್ಲ ಕಡೆಯ ವೇಗವನ್ನೂ ಒಟ್ಟಿಗೇ ತೋರಿಸುತ್ತದೆ. ನಾನು ವಾರಗಟ್ಟಲೆ ಮೀಟರು ಸರಿಸಿ ಪಡೆದದ್ದಕ್ಕಿಂತ ಹೆಚ್ಚು ಮಾಹಿತಿ ಚಾ ಕುಡಿದು ಬರುವಷ್ಟರಲ್ಲಿ ಸಿಗುತ್ತದೆ.

ಪ್ರಯೋಗಾಲಯದ ಮುಖ್ಯಸ್ಥೆ ನಾನು. ಆದರೆ ಅದನ್ನು ನಡೆಸಲು ನನಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ನನ್ನ ಹತ್ತಿರ ಸಂಶೋಧನೆಗೆ ಸೇರಿದ್ದ ಶಾಹಿನಾಳಿಗೆ. ಕಾಪುವಿನ ಬ್ಯಾರಿ ಮನೆತನದ ಹುಡುಗಿ, ಮಾತು ಕಡಿಮೆ, ತಂದೆ ಅಬುಧಾಬಿಯ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದರು. ಯೂಟ್ಯೂಬ್ ನೋಡಿ, ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಹಾಕಿಕೊಂಡು, ಯಾವ ದೇಶದವರಿಗೋ ಮೇಲ್ ಬರೆದು ಕೇಳಿ ಅವಳು ಎಲ್ಲವನ್ನೂ ಕಲಿತಿದ್ದಳು. ನಾನು ಅವಳ ಪಕ್ಕ ಕುರ್ಚಿ ಹಾಕಿ ಕೂತು ನೋಡುತ್ತಿದ್ದೆ. ಅವಳು ಕೀಲಿಮಣೆಯ ಮೇಲೆ ಬೆರಳಾಡಿಸಿದರೆ ಪರದೆ ಬದಲಾಗುತ್ತಿತ್ತು. ನನಗೆ ಯಾವುದು ಒತ್ತಿದಳು ಎಂಬುದೂ ತಿಳಿಯುತ್ತಿರಲಿಲ್ಲ. ಕೇಳಲು ನಾಚಿಕೆ. ಹ್ಞೂಂ ಹ್ಞೂಂ ಎನ್ನುತ್ತಿದ್ದೆ. ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಹೊರಟು, ಮಣಿಪಾಲ, ಹಿರಿಯಡ್ಕ ದಾಟಿ, ಯಾರೂ ಬರುವ ಮೊದಲು ಪ್ರಯೋಗಾಲಯದ ಬೀಗ ತೆಗೆದು ಒಬ್ಬಳೇ ಅಭ್ಯಾಸ ಮಾಡುತ್ತಿದ್ದೆ. ಒಂದು ದಿನ ಹಾಗೆ ಕೂತು ಅವಳು ತೆಗೆದಿದ್ದ ಫೋಟೋಗಳ ಫೋಲ್ಡರನ್ನು ಎಲ್ಲೋ ಕಳೆದುಹಾಕಿ ಬೆವರುತ್ತಿರುವಾಗ ಅವಳು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದು ಫೋಲ್ಡರನ್ನು ಹುಡುಕಿ ಕೊಟ್ಟು, ಪಕ್ಕದಲ್ಲಿ ಕೂತು, ಯಾವ ಗುಂಡಿ ಯಾಕೆ ಎಂದು ಮೊದಲಿನಿಂದ ಹೇಳಿದಳು. ಅವತ್ತಿನಿಂದ ಅವಳೂ ಮೊದಲ ಬಸ್ಸಿಗೇ ಬರತೊಡಗಿದಳು.

ಹೊಸ ಉಪಕರಣ ಸರಿ ಉಂಟಾ ಎಂದು ನೋಡಲು, ಉತ್ತರ ಗೊತ್ತಿರುವ ಪ್ರಯೋಗವನ್ನು ಮೊದಲು ಮಾಡುವುದು ವಾಡಿಕೆ. "ನಿಮ್ಮದನ್ನೇ ಮಾಡುವ ಮ್ಯಾಡಂ," ಎಂದಳು ಶಾಹಿನಾ. ನನಗೆ ಖುಷಿಯಾಯಿತು. ಎರಡು ಒಡ್ಡುಗಳನ್ನು ಹಳೆಯ ಅಳತೆಯಲ್ಲೇ ಮಾಡಿಸಿ ಕಾಲುವೆಯಲ್ಲಿಟ್ಟೆವು. ಜೂನ್ ಮಳೆ ಹಿಡಿದಿತ್ತು. ಶೀಟಿನ ಮಾಡಿನ ಮೇಲೆ ಬೀಳುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಲೆನ್ಸಿನ ಮೇಲೆ ತೇವ ಕೂತು ಒರೆಸಿ ಒರೆಸಿ ಸಾಕಾಗುತ್ತಿತ್ತು.

ಪರದೆಯ ಮೇಲೆ ಬಂದದ್ದು ನನ್ನ ಚಿತ್ರವಾಗಿರಲಿಲ್ಲ. ಸುಳಿ ಇತ್ತು, ಆದರೆ ನಿಲ್ಲುತ್ತಿರಲಿಲ್ಲ. ಸ್ವಲ್ಪ ಹೊತ್ತು ತಿರುಗಿ, ಊದಿಕೊಂಡು, ಒಡೆದು, ಒಳಗಿದ್ದ ನೀರನ್ನೆಲ್ಲ ತಳದಲ್ಲಿ ಒಡ್ಡಿನ ಬುಡದ ಗುಂಟ ಹೊರಗೆ ಎಸೆಯುತ್ತಿತ್ತು. ಮತ್ತೆ ಹೊಸ ಸುಳಿ, ಮತ್ತೆ ಒಡೆತ. ಮರಳು ಕೂರುವ ಮಾತೇ ಇಲ್ಲ, ಇದ್ದದ್ದನ್ನೂ ಗುಡಿಸಿಕೊಂಡು ಹೋಗುವ ಹರಿವು ಅದು. ಆಮೇಲೆ ಶಾಹಿನಾ ಆ ಸಾವಿರಾರು ಚಿತ್ರಗಳ ಸರಾಸರಿ ತೆಗೆದಳು. ಪರದೆಯ ಮೇಲೆ ಮೂಡಿದ್ದು ಸದಾಶಿವರ ಸುಳಿ, ಗೆರೆ ಗೆರೆಯೂ ಅದೇ. ಎಂದರೆ ನಾವು ಅಳೆದದ್ದು ಸುಳ್ಳಲ್ಲ, ಸರಾಸರಿ. ಮೀಟರಿನ ಮುಳ್ಳು ಸ್ಥಿರವಾಗಲಿ ಎಂದು ಕಾದವರು ನಾವು. ಬಣ್ಣವೂ ಒಂದೆರಡು ಸುತ್ತಿನಲ್ಲಿ ಕದಡಿ ಮೋಡವಾಗಿ, ಒಡೆತವನ್ನು ಮುಚ್ಚಿಬಿಡುತ್ತಿತ್ತು. ನಮ್ಮ ಚಿತ್ರದ ಹಾಗೆ ನೀರು ಯಾವತ್ತೂ, ಒಂದು ಕ್ಷಣವೂ ಹರಿದಿರಲಿಲ್ಲ.

ನಾನು ನಂಬಲಿಲ್ಲ. ಗಾಜಿನ ಹೊಳಪು ಕ್ಯಾಮೆರಾವನ್ನು ಮೋಸ ಮಾಡುತ್ತಿದೆ ಎಂದೆ, ಅವಳು ಆಚೆ ಬದಿಯ ಗಾಜಿಗೆ ಕಪ್ಪು ಬಳಿದು ಮತ್ತೆ ಮಾಡಿದಳು. ಪುಡಿ ಸರಿ ಇಲ್ಲ ಎಂದೆ, ಬೇರೆ ತರಿಸಿದಳು. ಪಂಪಿನ ನಡುಕ ಎಂದೆ, ಪಂಪಿನ ಅಡಿಗೆ ರಬ್ಬರ್ ಹಾಕಿಸಿದಳು. ಒಂದು ಮಧ್ಯಾಹ್ನ ಸೋತು ಕೂತಿದ್ದಾಗ, ಇಷ್ಟು ವಿಷಯಗಳಿರುವಾಗ ಇದನ್ನೇ ಯಾಕೆ ಹಿಡಿದೆ ಎಂದು ಅವಳನ್ನು ಸ್ವಲ್ಪ ಗಡುಸಾಗಿಯೇ ಕೇಳಿದೆ.

ಆಗ ಅವಳು ಹೇಳಿದಳು. ಕಾಪು ಬದಿಯ ಕಡಲ ಕರೆಯಲ್ಲಿ, ದಂಡೆಗೆ ತಾಗಿಯೇ, ಅವಳ ದೊಡ್ಡಮ್ಮನ ಮನೆ ಇತ್ತು. ಕೆಲವು ವರ್ಷ ಹಿಂದೆ ಅಲ್ಲಿ ಎರಡು ಕಲ್ಲಿನ ಒಡ್ಡು ಹಾಕಿದರು. ಹಾಕುವ ಮೊದಲು ಊರಿನವರನ್ನು ಮದರಸದ ಅಂಗಳದಲ್ಲಿ ಸೇರಿಸಿ, ಇಲ್ಲಿ ಮರಳು ತುಂಬುತ್ತದೆ, ಹೆದರಬೇಡಿ ಎಂದು ಒಂದು ಚಿತ್ರ ತೋರಿಸಿದ್ದರು. ಮುಂದಿನ ಮಳೆಗಾಲಗಳಲ್ಲಿ ಆ ಎರಡು ಒಡ್ಡುಗಳ ನಡುವೆಯೇ ಕಡಲು ಒಳಗೆ ಬಂತು. ಮೊದಲು ಬೇಲಿ, ಆಮೇಲೆ ಬಾವಿ, ಆಮೇಲೆ ಅಡುಗೆಮನೆ.

"ಚಿತ್ರದ ಅಡಿಯಲ್ಲಿ ಹೆಸರು ಬರೆದಿತ್ತು ಮ್ಯಾಡಂ. ಸರ್‌ದು ಮತ್ತು ನಿಮ್ಮದು. ನಿಮಗೆ ಗೊತ್ತಿರ್ತದೆ ಅಂತ ಎಣಿಸಿ ಇಲ್ಲಿ ಸೇರಿದ್ದು."

ಅವಳ ದನಿಯಲ್ಲಿ ಆರೋಪ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ಜಗಳವಾದರೂ ಮಾಡಬಹುದಿತ್ತು. ಆ ಮನೆ ಹೋದದ್ದು ನಮ್ಮ ಚಿತ್ರದಿಂದಲೇ ಎಂದು ಯಾರೂ ಹೇಳಲಾರರು. ಕಡಲು ಕಾಲುವೆಯಲ್ಲ, ಅಲ್ಲಿ ಅಲೆ ಉಂಟು, ಗಾಳಿ ಉಂಟು, ನಮ್ಮ ಚಿತ್ರವನ್ನು ಅಲ್ಲಿಗೆ ಒಯ್ದವರು ನಮ್ಮನ್ನು ಕೇಳಿಯೂ ಇರಲಿಲ್ಲ. ಇದನ್ನೆಲ್ಲ ನಾನು ಬಸ್ಸಿನಲ್ಲಿ ಕೂತು ನನಗೇ ಹೇಳಿಕೊಂಡೆ. ಹೇಳಿಕೊಂಡಷ್ಟೂ ನಾಚಿಕೆ ಹೆಚ್ಚಾಯಿತು. ತಪ್ಪು ಮಾಡಿದವರಿಗೆ ಕ್ಷಮೆ ಕೇಳಲು ಜಾಗವಾದರೂ ಇರುತ್ತದೆ. ಇದ್ದ ಉಪಕರಣದಲ್ಲಿ ಪ್ರಾಮಾಣಿಕವಾಗಿ ಅಳೆದು, ಆ ಅಳತೆಯನ್ನು ಇಷ್ಟು ವರ್ಷ ಹೆಮ್ಮೆಯಿಂದ ಕಲಿಸಿದವಳು ಯಾರ ಹತ್ತಿರ ಹೋಗಿ ಏನು ಕೇಳುವುದು?

ಸರ್‌ಗೆ ಹೇಳಲೇಬೇಕಿತ್ತು. ಮಳೆಗಾಲ ಮುಗಿಯುತ್ತಲೇ ಮಣಿಪಾಲದಲ್ಲಿ ಹಳೆಯ ವಿದ್ಯಾರ್ಥಿಗಳು ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಆಮಂತ್ರಣದ ಮುಖಪುಟಕ್ಕೆ ಅದೇ ಸುಳಿ. ಅವರ ಕೆಲಸದ ಬಗ್ಗೆ ಮಾತಾಡಬೇಕಾದವಳು ನಾನು. ಒಂದು ಆದಿತ್ಯವಾರ ಪರ್ಕಳಕ್ಕೆ ಹೋಗಿ, ಅಮ್ಮ ಕೊಟ್ಟ ಕಾಫಿ ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದೆ. ಸರ್ ಹೆಂಡತಿಯನ್ನು ನಾವು ಅಮ್ಮ ಎಂದೇ ಕರೆಯುವುದು. ಸರ್ ಕೇಳುತ್ತಾ ಹೋದರು. ಕೊನೆಗೆ, ನಿಮ್ಮ ಕ್ಯಾಮೆರಾ ನೀರು ನೋಡುವುದಿಲ್ಲ, ನೀರಿನಲ್ಲಿರುವ ಧೂಳು ನೋಡುತ್ತದೆ ಎಂದರು. ಬಣ್ಣ ಹಾಕಿ ನೋಡಿದಿರಾ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ನಾನೇ ಬರುತ್ತೇನೆ ಎಂದರು.

ಬಂದರು. ಭಾರೀ ಮಳೆಯ ದಿನ, ಬಾಡಿಗೆ ಕಾರಿನಲ್ಲಿ, ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು. ಅವರ ಕಣ್ಣಿನ ಪೊರೆ ತೆಗೆಸಿದ್ದರೂ ದೃಷ್ಟಿ ಅಷ್ಟಕ್ಕಷ್ಟೇ ಎಂದು ನನಗೆ ಗೊತ್ತಿತ್ತು. ಲೇಸರನ್ನು ನೋಡಲೂ ಇಲ್ಲ. ಸ್ಟೂಲು ತರಿಸಿ ಗಾಜಿನ ಹತ್ತಿರ ಕೂತು, ಪಿಪೆಟ್ಟು ತಮ್ಮ ಕೈಗೇ ತೆಗೆದುಕೊಂಡರು. ಮೊದಲ ಸಲ ಬಣ್ಣ ಅಂಗಿಯ ಮೇಲೆಯೇ ಬಿತ್ತು. ಒರೆಸಲು ಹೋದ ನನ್ನನ್ನು ತಡೆದು ಇನ್ನೊಮ್ಮೆ ಬಿಟ್ಟರು. ಬಣ್ಣ ಒಡ್ಡಿನ ತುದಿ ಬಳಸಿ ಒಳಗೆ ತಿರುಗಿತು, ದೊಡ್ಡದಾಗಿ, ನಿಧಾನವಾಗಿ.

"ನೋಡು ಜೆಸಿಂತಾ. ಒಂದೇ ಸುಳಿ. ಎಷ್ಟು ಶಾಂತ ನೋಡು."

ನಾನು ಶಾಹಿನಾಳನ್ನು ನೋಡಿದೆ. ಅವಳು ಗೋಡೆಯ ಮೇಲಿನ ಸ್ವಿಚ್ಚಿನ ಪೆಟ್ಟಿಗೆ ನೋಡುತ್ತಿದ್ದಳು. ನಮ್ಮಲ್ಲಿ ಮಳೆಗಾಲದಲ್ಲಿ ಆಗಾಗ ಕರೆಂಟಿನ ಒಂದು ಫೇಸ್ ಹೋಗುತ್ತದೆ. ದೀಪ ಉರಿಯುತ್ತಿರುತ್ತದೆ, ಪಂಪು ನಿಲ್ಲುತ್ತದೆ. ಮಳೆಯ ಸದ್ದಿನಲ್ಲಿ ಪಂಪು ನಿಂತದ್ದು ಯಾರಿಗೂ ಕೇಳಿಸಿರಲಿಲ್ಲ. ಕಾಲುವೆಯಲ್ಲಿ ಹರಿವೇ ಇರಲಿಲ್ಲ. ಇದ್ದ ವೇಗ ಸಾಯುತ್ತಾ ನೀರು ಸುಮ್ಮನೆ ಕೊನೆಯ ಸುತ್ತು ಸುತ್ತುತ್ತಿತ್ತು, ಅಷ್ಟೆ. ಹೇಳಬೇಕು. ನನ್ನಿಂದ ಆಗಲಿಲ್ಲ. ಅವಳಿಂದಲೂ ಆಗಲಿಲ್ಲ. ಅವರ ಮುಖದಲ್ಲಿದ್ದ ಗೆಲುವನ್ನು ನೋಡುತ್ತಾ ಇಬ್ಬರೂ ಕಳ್ಳರ ಹಾಗೆ ನಿಂತಿದ್ದೆವು.

ಪಿಪೆಟ್ಟನ್ನು ಇನ್ನಷ್ಟು ಕೆಳಗೆ ಇಳಿಸಲೆಂದು ಸರ್ ನೀರಿಗೆ ಕೈ ಹಾಕಿದರು. ಮಣಿಕಟ್ಟಿನವರೆಗೆ. ಹಾಗೆಯೇ ಸ್ವಲ್ಪ ಹೊತ್ತು ಇಟ್ಟುಕೊಂಡರು.

"ಪಂಪು ನಿಂತಿದೆ ಅಲ್ವಾ?" ಎಂದರು.

"ಹೌದು ಸರ್."

"ಯಾವಾಗ?"

"ಸ್ವಲ್ಪ ಹೊತ್ತಾಯಿತು."

ಅವರು ಕೈ ಹೊರಗೆ ತೆಗೆದು ಒದ್ದೆ ಬೆರಳುಗಳನ್ನು ನೋಡುತ್ತಾ ಕೂತರು. ಕಿವಿಯವರೆಗೂ ಕೆಂಪಾಗಿದ್ದರು. ಅಷ್ಟು ದೊಡ್ಡ ಮನುಷ್ಯ ನನ್ನೆದುರು, ನನ್ನ ವಿದ್ಯಾರ್ಥಿನಿಯ ಎದುರು ಹಾಗೆ ಕೂತದ್ದನ್ನು ನೋಡಬೇಕಾಗಿ ಬಂತಲ್ಲ ಎಂದು ನಾನು ನೆಲ ನೋಡಿದೆ. ಆಮೇಲೆ ಅವರು ಶಾಹಿನಾಳ ಕಡೆ ತಿರುಗಿ, ಮಗಾ, ನಿನ್ನದನ್ನು ತೋರಿಸು ಎಂದರು.

ಅವಳು ವಿಡಿಯೋ ನಿಧಾನ ಮಾಡಿ ಹಾಕಿದಳು. ಸರ್ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು, ಸುಳಿ ಊದಿ ಒಡೆಯುವುದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು. ಪ್ರಶ್ನೆಗಳನ್ನು ಅವಳಿಗೇ ಕೇಳಿದರು, ನನಗೆ ಒಂದೂ ಇಲ್ಲ. ಎಲ್ಲ ಮುಗಿದ ಮೇಲೆ ಕುರ್ಚಿಗೆ ಒರಗಿ ನನ್ನ ಕಡೆ ತಿರುಗಿ ಹೇಳಿದರು:

"ಇದನ್ನು ನಾನು ಆಗ ನೋಡಿದ್ದೆ. ಒಮ್ಮೊಮ್ಮೆ ಬಣ್ಣ ಹೀಗೇ ಹೊರಗೆ ಹಾರುತ್ತಿತ್ತು. ಪಂಪಿನದ್ದೋ, ನಿನ್ನ ಕೈಯದ್ದೋ ತೊಂದರೆ ಅಂತ ಎಣಿಸಿದೆ. ನೀರು ಶಾಂತ ಆಗುವವರೆಗೆ ಕಾದು ಆಮೇಲೆ ಪೆನ್ಸಿಲ್ ಹಿಡಿದೆ. ನಿನಗೆ ನೆನಪುಂಟಾ?"

ನನಗೆ ನೆನಪಿರಲಿಲ್ಲ. ನೆನಪಿಸಿಕೊಳ್ಳಲು ಹೋದರೆ ಬಂದದ್ದು ನೀರಲ್ಲ, ಅವರ ಮುಖ. ಬಣ್ಣ ಬಿಟ್ಟ ಕೂಡಲೇ ನಾನು ಅವರ ಮುಖ ನೋಡುತ್ತಿದ್ದೆ, ತಲೆ ಆಡಿಸುತ್ತಾರಾ ಇಲ್ಲವಾ ಎಂದು. ಅವರಾದರೂ ನೋಡಿ, ತಪ್ಪಾಗಿ ತಿಳಿದರು. ನಾನು ಅಷ್ಟು ದಿನ ಗಾಜಿನ ಪಕ್ಕದಲ್ಲೇ ನಿಂತು ನೀರನ್ನೇ ನೋಡಿರಲಿಲ್ಲ. ಆ ಮಳೆಗಾಲದ ನಾಚಿಕೆಗಳಲ್ಲಿ ನನ್ನನ್ನು ಇನ್ನೂ ಬಿಡದೆ ಇರುವುದು ಇದೊಂದೇ.

ಸನ್ಮಾನದ ದಿನ ಸರ್ ನನ್ನ ಬದಲು ಶಾಹಿನಾಳನ್ನು ವೇದಿಕೆಗೆ ಕರೆಸಿದರು. ಅವಳು ವಿಡಿಯೋ ತೋರಿಸಿದಳು. ಸಭೆಯಲ್ಲಿ ಗುಸುಗುಸು ಹುಟ್ಟಿತು. ಹಿರಿಯ ವಿದ್ಯಾರ್ಥಿಯೊಬ್ಬರು ಎದ್ದು, ಗುರುಗಳನ್ನು ಗೌರವಿಸುವ ದಿನ ಇದೆಲ್ಲ ಬೇಕಿತ್ತಾ ಎಂದು ನನ್ನ ಕಡೆ ನೋಡಿ ಕೇಳಿದರು. ನಾನು ತಲೆ ಎತ್ತುವ ಮೊದಲೇ ಸರ್ ಮೈಕ್ ತೆಗೆದುಕೊಂಡು, ಇದನ್ನು ತೋರಿಸಿ ಎಂದು ಹೇಳಿದವನು ನಾನು, ಹಾರ ಇದಾದ ಮೇಲೆ ಹಾಕಿದರೆ ಸಾಕು ಎಂದರು. ಮುಂದೆ ಅವಳ ಪ್ರಬಂಧ ಅಚ್ಚಾದಾಗ ಅದರಲ್ಲಿ ನಮ್ಮ ಮೂವರ ಹೆಸರೂ ಇತ್ತು. ಅವರ ಹೆಸರು ಅವರೇ ಹೇಳಿದ ಹಾಗೆ ಕೊನೆಯಲ್ಲಿ.

ಮಳೆ ನಿಂತ ಮೇಲೆ ಸರ್ ಕಾಪುವಿಗೆ ಹೋಗಬೇಕೆಂದರು. ಶಾಹಿನಾಳ ದೊಡ್ಡಮ್ಮ ನಬೀಸಾ ಈಗ ರಸ್ತೆಯ ಈಚೆ, ಕಡಲಿನಿಂದ ಸ್ವಲ್ಪ ಒಳಗೆ, ಬಾಡಿಗೆ ಮನೆಯಲ್ಲಿದ್ದರು. ನಮ್ಮನ್ನು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರಿಸಿ ಚಾ, ಗೋಳಿಬಜೆ ಕೊಟ್ಟರು. ಸರ್‌ಗೂ ಅವರಿಗೂ ತುಳುವಿನಲ್ಲಿ ಮಾತು ನಡೆಯಿತು; ಅದನ್ನು ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಕಲ್ಲು ಹಾಕುವಾಗ ನಿಮಗೆ ತೋರಿಸಿದ ಚಿತ್ರ ನಾನು ಬಿಡಿಸಿದ್ದು, ಅದು ಸರಿ ಇರಲಿಲ್ಲ ಎಂದು ಸರ್ ಹೇಳಿದರು. ನಬೀಸಾರಿಗೆ ಚಿತ್ರದ ನೆನಪೇ ಇರಲಿಲ್ಲ. ದೊಡ್ಡ ಕಾಗದ ತಂದಿದ್ದರು, ಹೌದು, ಅದರಲ್ಲಿ ಎಂತ ಇತ್ತೋ ಎಂದರು. ಆಮೇಲೆ ಅವರಿಗೆ ಬೇಕಾದ್ದನ್ನು ಕೇಳಿದರು.

"ನೀವು ನೀರಿನ ವಿಷಯ ಕಲಿತವರು. ಕಡಲು ಈ ಮನೆಗೂ ಬರ್ತದಾ?"

ಸರ್ ಲೋಟ ಕೆಳಗಿಟ್ಟರು. "ಗೊತ್ತಿಲ್ಲ ತಾಯಿ," ಎಂದರು.

ನಬೀಸಾ ನನ್ನ ಕಡೆ ತಿರುಗಿದರು. "ನಿಮಗೆ?"

"ನನಗೂ ಗೊತ್ತಿಲ್ಲ. ಆ ಚಿತ್ರದಲ್ಲಿ ನನ್ನ ಹೆಸರೂ ಇತ್ತು."

ಅವರು ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಶಾಹಿನಾಳಿಗೆ ಬ್ಯಾರಿ ಭಾಷೆಯಲ್ಲಿ ಏನೋ ಕೇಳಿದರು. ಅವಳು ಮೆಲ್ಲನೆ ಒಂದು ಉತ್ತರ ಕೊಟ್ಟಳು. ನಬೀಸಾ ಎದ್ದು ಸರ್ ಲೋಟಕ್ಕೆ ಇನ್ನಷ್ಟು ಚಾ ಹೊಯ್ದರು.

ಹಿಂದೆ ಬರುವಾಗ ಸರ್ ಕಾರಿನ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. ದೊಡ್ಡಮ್ಮ ಎಂತ ಕೇಳಿದರು ಎಂದು ನಾನು ಶಾಹಿನಾಳನ್ನು ಕೇಳಿದೆ. ಅವಳಿಗೆ ಹೇಳಲು ಮನಸ್ಸಿರಲಿಲ್ಲ, ಒತ್ತಾಯ ಮಾಡಿದೆ.

"ಇವರಿಗೆ ಗೊತ್ತಿಲ್ಲದಿದ್ದರೆ ನಿನಗೆ ಕಲಿಸಿದ್ದು ಎಂತ, ಅಂತ ಕೇಳಿದರು."

"ನೀನು ಎಂತ ಹೇಳಿದೆ?"

"ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಕಲಿಸಿದರು, ಅಂದೆ."

ಅವಳು ಅದನ್ನು ಹೊಗಳಿಕೆಯಾಗಿ ಹೇಳಿದಳೋ, ದೊಡ್ಡಮ್ಮನ ಎದುರು ನಮ್ಮ ಮಾನ ಉಳಿಸಲು ಹೇಳಿದಳೋ ನಾನು ಕೇಳಲಿಲ್ಲ. ಉದ್ಯಾವರದ ಸೇತುವೆ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತಾ ಕೂತೆ.